ಮೂಗಿಗೆ ಒಂದು ತಿಂಗಳ ರಜೆ

ಮಾರ್ಚ್ ೧, ಭಾನುವಾರ

ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಪತ್ತೆದಳಕ್ಕೆ ನನ್ನ ಹೆಸರು ಹೋಗಿದೆ! ಇನ್ಸ್‌ಪೆಕ್ಟರ್ ಮೇಡಂ ತಾವೇ ಕರೆದು ಹೇಳಿದರು. ತಿಂಗಳ ಕೊನೆಗೆ ಪತ್ತೆದಳದ ದೊಡ್ಡ ಸಾಹೇಬರು ನಮ್ಮ ಸೇತುವೆ ಚೆಕ್‌ಪೋಸ್ಟಿಗೆ ಬಂದು ನನ್ನ ಕೆಲಸ ಕಣ್ಣಾರೆ ನೋಡುತ್ತಾರಂತೆ. ಮೆಚ್ಚಿದರೆ ಕರೆದುಕೊಂಡೇ ಹೋಗುತ್ತಾರಂತೆ. ಮೆಚ್ಚದೆ ಏನು ಮಾಡುತ್ತಾರೆ? ಠಾಣೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಮೂಗಣ್ಣ’ ಅಂತಲೇ. ಸೇತುವೆ ಮೇಲೆ ಎಷ್ಟೇ ಗಾಡಿ ಸಾಲುಗಟ್ಟಿ ಬರಲಿ, ಕಳ್ಳಮಾಲು ಯಾವುದರಲ್ಲಿದೆ ಎಂದು ನನ್ನ ಮೂಗಿಗೆ ಮೊದಲೇ ಗೊತ್ತಾಗುತ್ತದೆ.

ಇವಳಿಗೆ ಹೇಳಿದೆ. ನನ್ನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತುಟಿಯ ಮಧ್ಯೆ ಗುಂಡುಸೂಜಿ ಕಚ್ಚಿಕೊಂಡೇ, “ಪತ್ತೆದಳದವ್ರು ಯೂನಿಫಾರ್ಮ್ ಹಾಕಲ್ವಲ್ಲ, ಹಾಗಾದ್ರೆ ಎರಡು ಒಳ್ಳೆ ಶರಟು ಬೇಕು,” ಎಂದು ಟೇಪು ತಂದು ನನ್ನ ಎದೆ ಅಳೆದೇಬಿಟ್ಟಳು. “ಉಸಿರು ಬಿಡಿ. ಹಿಂಗೆ ಉಬ್ಬಿಸ್ಕೊಂಡು ನಿಂತ್ರೆ ಅಳತೆ ತಪ್ಪುತ್ತೆ.”

ನಾನೆಲ್ಲಿ ಉಬ್ಬಿಸಿದ್ದೆ? ಅದೇ ಉಬ್ಬಿತ್ತು. ದೊಡ್ಡವರೆಲ್ಲ ದಿನಚರಿ ಬರೆಯುತ್ತಾರೆಂದು ಕೇಳಿದ್ದೇನೆ, ಅದಕ್ಕೇ ಇವತ್ತೇ ಶುರು ಮಾಡಿದ್ದೇನೆ.

ಮಾರ್ಚ್ ೩, ಮಂಗಳವಾರ

ನನ್ನ ಮೂಗಿಗೆ ಕುತ್ತು ಬಂದಿದೆ. ನಗಬೇಕೋ ಅಳಬೇಕೋ ಗೊತ್ತಾಗದೆ ಮಧ್ಯಾಹ್ನವೆಲ್ಲ ನಕ್ಕಿದ್ದೇನೆ.

ಬೆಳಿಗ್ಗೆ ಮೇಡಂ ಎಲ್ಲರನ್ನೂ ನಿಲ್ಲಿಸಿ ಹೇಳಿದರು: ಮೇಲಿನವರಿಗೆ ದೂರು ಹೋಗಿದೆ. ಸೇತುವೆ ಪೊಲೀಸರು ಆಚೆ ದಡದವರನ್ನೇ ಹುಡುಕಿ ಹುಡುಕಿ ನಿಲ್ಲಿಸುತ್ತಾರೆ, ಈಚೆ ದಡದವರಿಗೆ ಸಲಾಮು ಹೊಡೆದು ಕಳಿಸುತ್ತಾರೆ ಎಂದು. ಸಾಲಿನಲ್ಲಿ ಗದ್ದಲವೋ ಗದ್ದಲ. ಎಲ್ಲರಿಗಿಂತ ಜೋರು ನಾನೇ.

“ಮೇಡಂ, ನಾವು ಯಾರಿಗೂ ಭೇದ ಮಾಡಲ್ಲ. ಆಚೆ ದಡದವರನ್ನ ಸ್ವಲ್ಪ ಜಾಸ್ತಿ ನಿಲ್ಲಿಸ್ತೀವಿ, ಅಷ್ಟೆ. ಅದು ಅನುಭವ.”

ಮೇಡಂ ಮೇಜಿನ ಮೇಲೆ ಒಂದು ಪೊಟ್ಟಣ ಸುರಿದರು. ಗೋಲಿಗಳು! ಮಕ್ಕಳು ಆಡುವ ಗಾಜಿನ ಗೋಲಿಗಳು. ಬಿಳಿಯವು ಒಂದು ಹಿಡಿ, ಕೆಂಪು ಒಂದೇ ಒಂದು. ಇನ್ನು ಒಂದು ತಿಂಗಳು ಪ್ರತಿ ಗಾಡಿಗೂ ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಬೇಕು. ಕೆಂಪು ಬಂದರೆ ನಿಲ್ಲಿಸಬೇಕು, ಬಿಳಿ ಬಂದರೆ ಬಿಡಬೇಕು. ಗೋಲಿ ವಾಪಸ್ ಚೀಲಕ್ಕೆ. ಮೂಗಿಗೆ ಒಂದು ತಿಂಗಳು ರಜೆ.

ನನ್ನ ಜೋಡಿಗೆ ಪಾದರಸ ಇದ್ದಾಳೆ. ಹೊಸ ಕಾನ್‌ಸ್ಟೇಬಲ್, ನಿಂತಲ್ಲಿ ನಿಲ್ಲುವುದಿಲ್ಲ ಅಂತ ಆ ಹೆಸರು. ಅವಳು ಹುಟ್ಟಿ ಬೆಳೆದದ್ದೇ ಆಚೆ ದಡದಲ್ಲಿ. ನನ್ನ ಮಾತಿನಿಂದ ಬೇಜಾರು ಮಾಡಿಕೊಂಡಳೇನೋ ಅಂತ, “ನೀನು ಹಾಗಲ್ಲ ಬಿಡಮ್ಮ, ನೀನು ಬೇರೆ,” ಎಂದೆ.

“ಹೌದಣ್ಣ,” ಎಂದು ಹಲ್ಲು ಕಿರಿದಳು. “ಎಲ್ಲರೂ ಹಾಗೇ ಹೇಳ್ತಾರೆ.”

ನೋಡಿ, ನಮ್ಮ ನಡುವೆ ಇಂಥದಕ್ಕೆಲ್ಲ ಜಾಗವೇ ಇಲ್ಲ.

ಮಾರ್ಚ್ ೪, ಬುಧವಾರ

ಗೋಲಿ ಚೀಲವನ್ನು ಇವಳೇ ಹೊಲಿದುಕೊಟ್ಟಳು, ನನ್ನ ಹಳೆ ಯೂನಿಫಾರ್ಮ್ ಪ್ಯಾಂಟಿನ ಬಟ್ಟೆಯಲ್ಲಿ. “ಕೊನೆಗೂ ಇಲಾಖೆಗೆ ನನ್ನಿಂದ ಏನೋ ಉಪಯೋಗ ಆಯ್ತು,” ಎಂದಳು.

ಸೇತುವೆ ಮೇಲೆ ಇವತ್ತು ಸರ್ಕಸ್ಸು. ಮೊದಲ ಕೆಂಪು ಬಿದ್ದದ್ದು ಒಬ್ಬ ದಂತವೈದ್ಯರ ಕಾರಿಗೆ. ಡಿಕ್ಕಿ ತೆಗೆಯಿರಿ ಎಂದರೆ ಅವರಿಗೆ ಡಿಕ್ಕಿ ತೆಗೆಯುವುದು ಹೇಗೆಂದೇ ಗೊತ್ತಿಲ್ಲ, ಡ್ರೈವರ್ ರಜೆ. ನಾನು, ಪಾದರಸ, ವೈದ್ಯರು ಮೂವರೂ ಸೇರಿ ತಡಕಾಡಿ ಕೊನೆಗೆ ಪೆಟ್ರೋಲ್ ಮುಚ್ಚಳ ತೆರೆದೆವು. ಹಿಂದಿನ ಬಸ್ಸಿನವರು ಚಪ್ಪಾಳೆ ತಟ್ಟಿದರು.

ನನ್ನ ಹೊಟ್ಟೆ ಉರಿದದ್ದು ಆ ವೆಲ್ಡರ್ ಬಂದಾಗ. ಆಚೆ ದಡದವನು, ಹಳೆ ಸ್ಕೂಟರು, ಕಾಲ ಹತ್ತಿರ ಒಂದು ಕ್ಯಾನ್ವಾಸ್ ಚೀಲ. ಕೆಂಡದಂಥ ಕಣ್ಣು. ನಾವು ಕೈ ತೋರಿಸುವ ಮೊದಲೇ ಸ್ಕೂಟರು ನಿಧಾನ ಮಾಡುತ್ತಾನೆ, ನೋಟ ನೆಲದ ಮೇಲೆ. ಇವನನ್ನು ಕಂಡರೆ ನನ್ನ ಮೂಗು ಜುಂ ಅನ್ನುತ್ತದೆ. ದಿನಾ ನಿಲ್ಲಿಸುತ್ತಿದ್ದೆ. ದಿನಾ ಏನೂ ಸಿಗುತ್ತಿರಲಿಲ್ಲ. ಆದರೆ ಪಾದರಸಳಿಗೆ ನಾನು ಯಾವಾಗಲೂ ಹೇಳುವುದು ಒಂದೇ: “ಇವತ್ತಿಲ್ಲ, ಇನ್ನೊಂದಿನ ಸಿಕ್ಕೇ ಸಿಗ್ತಾನೆ.”

ಇವತ್ತು ಅವನಿಗೆ ಬಿಳಿ ಗೋಲಿ. ಎದುರಿಗೇ ಹೋಗುತ್ತಿದ್ದಾನೆ, ನಾನು ಕೈಯಲ್ಲಿ ಗೋಲಿ ಹಿಡಿದುಕೊಂಡು ನಿಂತಿದ್ದೇನೆ!

ಮಾರ್ಚ್ ೬, ಶುಕ್ರವಾರ

ಆಹಾ! ಕೆಂಪು ಗೋಲಿಯ ಮೈಯಲ್ಲಿ ಒಂದು ಚಕ್ಕೆ ಎದ್ದಿದೆ. ಹೆಬ್ಬೆರಳಿಗೆ ಸಿಗುತ್ತದೆ. ಅಂದರೆ ಚೀಲದೊಳಗೆ ಯಾವುದು ಕೆಂಪು ಅಂತ ನನಗೆ ಗೊತ್ತು, ನನಗೊಬ್ಬನಿಗೇ ಗೊತ್ತು. ಮೂಗಿನ ರಜೆ ರದ್ದು! ಊಟ ಮಾಡುವಾಗ ಒಬ್ಬನೇ ನಗುತ್ತಿದ್ದೆ. ಇವಳು ಸಾರಿಗೆ ಏನಾದರೂ ಬಿದ್ದಿದೆಯಾ ಅಂತ ಇಣುಕಿ ನೋಡಿದಳು.

ಮಾರ್ಚ್ ೧೧, ಬುಧವಾರ

ವೆಲ್ಡರಿಗೆ ಈ ವಾರ ದಿನಾ ಕೆಂಪು. ಚೀಲದಲ್ಲಿ ವೆಲ್ಡಿಂಗ್ ರಾಡು, ಮುಖಕ್ಕೆ ಹಿಡಿಯುವ ಕಪ್ಪು ಗಾಜು, ಊಟದ ಡಬ್ಬಿ. ಎಲ್ಲಾ ತೆಗೆದು ರಸ್ತೆ ಬದಿಯ ಕಟ್ಟೆ ಮೇಲೆ ಹರಡಿದೆ. ಇವತ್ತಿಲ್ಲ, ಇನ್ನೊಂದಿನ ಸಿಕ್ಕೇ ಸಿಗುತ್ತಾನೆ.

ಪಾದರಸ ನನ್ನ ಪಕ್ಕದಲ್ಲಿ ನಿಂತು ಗೋಲಿ ಚೀಲವನ್ನು ಕಿವಿಯ ಹತ್ತಿರ ಇಟ್ಟುಕೊಂಡು ಅಲ್ಲಾಡಿಸಿದಳು.

“ಅಣ್ಣ, ಈ ಗೋಲಿಗೂ ಮೂಗು ಬಂದಂಗಿದೆ.”

ನಾನು ಕೆಮ್ಮಿದೆ.

ಮಾರ್ಚ್ ೧೨, ಗುರುವಾರ

ಚಕ್ಕೆ ಮಾಯ! ಎಲ್ಲ ಗೋಲಿಗಳೂ ನುಣ್ಣಗೆ. ಚೀಲದಲ್ಲಿ ಕೈ ಆಡಿಸಿದ್ದೇ ಆಡಿಸಿದ್ದು, ಸಾಲಿನಲ್ಲಿದ್ದ ಲಾರಿಯವನು “ಸಾರ್, ಹಿಟ್ಟು ನಾದ್ತಿದೀರಾ?” ಅಂತ ಕೇಳಿದ. ಯಾರೋ ಕೆಂಪು ಗೋಲಿ ಬದಲಾಯಿಸಿದ್ದಾರೆ. ಪಾದರಸ ಆಕಾಶ ನೋಡುತ್ತಾ ಸೀಟಿ ಹೊಡೆಯುತ್ತಿದ್ದಳು. ಕೇಳೋಣವೆಂದರೆ ಏನಂತ ಕೇಳಲಿ?

ಮಾರ್ಚ್ ೧೪, ಶನಿವಾರ

ಹೊಟ್ಟೆ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಇವತ್ತು ಕೆಂಪು ಬಿದ್ದದ್ದು ನನ್ನ ಮಾವನಿಗೆ!

ಮಾವ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಮೀಸೆ ಈಗಲೂ ಡ್ಯೂಟಿಯಲ್ಲಿದೆ. ಅವರ ಕಾರು ಬಂತು, ಪಾದರಸ ಚೀಲಕ್ಕೆ ಕೈ ಹಾಕಿದಳು, ಕೆಂಪು. ನಾನು ಸ್ತಂಭದ ಹಿಂದೆ ಹೋಗಲು ನೋಡಿದೆ, ಆಗಲಿಲ್ಲ.

“ನನ್ನನ್ನ? ನನ್ನನ್ನಾ ನಿಲ್ಸೋದು?” ಮಾವ ಗಾಜು ಇಳಿಸಿದರು. “ಅಳಿಯಂದ್ರೇ, ಏನಿದು? ಮುಖ ನೋಡಿದ್ರೆ ಗೊತ್ತಾಗಲ್ವಾ?”

“ಮುಖ ನೋಡೋ ಹಾಗಿಲ್ಲ ಮಾವ. ಗೋಲಿ ನೋಡ್ಬೇಕು.”

“ಹೋಗ್ಲಿ, ಜನ ನೋಡ್ತಾ ಇದಾರೆ ಕಣ್ರೀ! ನಾನೇನೋ ಕದ್ದವನ ಥರ!”

ಮುಖ ಕೆಂಪಾಗಿತ್ತು ಅವರಿಗೆ. ಪಾದರಸ ಬಹಳ ಮರ್ಯಾದೆಯಿಂದಲೇ ಡಿಕ್ಕಿ ತೆಗೆದಳು. ಸ್ಟೆಪ್ನಿಯ ಕೆಳಗೆ, ಬಟ್ಟೆ ಸುತ್ತಿ, ಒಂದು ದೊಡ್ಡ ಡಬ್ಬ. ತೆರೆದರೆ ಸಿಹಿ! ಸಕ್ಕರೆ ಕಾಯಿಲೆ ಅಂತ ಡಾಕ್ಟರು ಪೂರ್ತಿ ನಿಲ್ಲಿಸಿರುವ ಸಿಹಿ. ತಿಂಗಳ ಮೊದಲ ಕಳ್ಳಮಾಲು ನನ್ನ ಮಾವನ ಡಿಕ್ಕಿಯಲ್ಲಿ ಸಿಕ್ಕಿತು.

“ಮಗಳಿಗೆ ಹೇಳ್ಬೇಡಿ,” ಎಂದು ಪಿಸುಗುಟ್ಟಿದರು. ಹೇಳಲಿಲ್ಲ. ಆದರೆ ಸಂಜೆ ಅವರೇ ಫೋನ್ ಮಾಡಿ ಇವಳ ಹತ್ತಿರ ನನ್ನ ಮೇಲೆ ದೂರು ಹೇಳುತ್ತಾ ಹೇಳುತ್ತಾ ಬಾಯಿಬಿಟ್ಟರು. ಎರಡು ನಿಮಿಷ ನಿಂತದ್ದಕ್ಕೆ ಇವತ್ತಿಡೀ ಊಟ ಸೇರಲಿಲ್ಲವಂತೆ. ಇವಳು “ಊಟ ಸೇರದೆ ಇದ್ದದ್ದು ಅದಕ್ಕಲ್ಲ, ಅರ್ಧ ಡಬ್ಬ ಖಾಲಿ ಮಾಡಿರ್ತೀರಿ,” ಎಂದಳು. ನಕ್ಕೂ ನಕ್ಕೂ ಸುಸ್ತಾದೆವು.

ಮಾರ್ಚ್ ೧೭, ಮಂಗಳವಾರ

ಇವತ್ತಿನ ಕೆಂಪು: ನೋಡಿದರೆ ಕೈ ಮುಗಿಯಬೇಕು ಅನ್ನಿಸುವಂಥ ಹಿರಿಯ ದಂಪತಿ, ಈಚೆ ದಡದವರು. ಹಿಂದಿನ ಸೀಟಿನ ಕೆಳಗೆ ತೆರಿಗೆ ಕಟ್ಟದ ಸಿಗರೇಟು ಪೆಟ್ಟಿಗೆಗಳು, ಒಂದರ ಮೇಲೊಂದು. ಅವರ ಕಾರಿಗೆ ನಾನು ಎಷ್ಟು ಸಲ ಸಲಾಮು ಹೊಡೆದಿದ್ದೇನೆ! ಅಜ್ಜಿ ನನ್ನ ಕೈಗೆ ಚಾಕೊಲೇಟು ಕೊಡುತ್ತಿದ್ದರು. ಮೂಗು ಒಂದು ಸಲವೂ ತುಟಿ ಬಿಚ್ಚಿರಲಿಲ್ಲ. ಹವಾ ಬದಲಾಗಿರಬೇಕು.

ಮಾರ್ಚ್ ೧೯, ಗುರುವಾರ

ವೆಲ್ಡರಿಗೆ ಒಂದು ವಾರದಿಂದ ಬಿಳಿ. ಅದರಿಂದ ಒಂದು ವಿಚಿತ್ರ ತೊಂದರೆ. ಬಿಳಿ ತೋರಿಸಿ ಹೋಗು ಅಂದರೂ ಅವನು ಹೋಗುವುದಿಲ್ಲ. ಪಕ್ಕಕ್ಕೆ ಹಾಕಿ, ಇಳಿದು, ಚೀಲದ ಜಿಪ್ ತೆಗೆದು ನಿಲ್ಲುತ್ತಾನೆ.

“ಹೋಗಪ್ಪ, ಇವತ್ತಿಲ್ಲ.”

“ನೋಡಲ್ವಾ ಸಾರ್? ಏನಾದ್ರೂ ತಪ್ಪಾಯ್ತಾ?”

“ತಪ್ಪಿಲ್ಲ ಅಂತಾನೇ ಹೋಗು ಅಂತಿರೋದು!”

ಅನುಮಾನದಿಂದ ನನ್ನನ್ನೇ ನೋಡಿದ. ನಾನು ಏನೋ ಬಚ್ಚಿಟ್ಟಿದ್ದೇನೆ ಅನ್ನುವ ಹಾಗೆ! ಹೋಗುತ್ತಾ ಎರಡು ಸಲ ಹಿಂದೆ ತಿರುಗಿದ. ಪಾದರಸ ನಕ್ಕು ನಕ್ಕು ಬ್ಯಾರಿಕೇಡಿಗೆ ಒರಗಿದಳು.

“ನಾವು ನಿಲ್ಲಿಸ್ತೀವಿ ಅಂತ ಅವ್ರು ನಿಧಾನ ಮಾಡ್ತಾರೆ. ಅವ್ರು ನಿಧಾನ ಮಾಡ್ತಾರೆ ಅಂತ ನಾವು ನಿಲ್ಲಿಸ್ತೀವಿ. ಒಳ್ಳೆ ಜೋಡಿ ಅಣ್ಣ ನಿಮ್ದು!”

“ಮತ್ತೆ ಆ ಕಣ್ಣು? ಕೆಂಡ ಇದ್ದಂಗಿದೆ.”

“ದಿನವೆಲ್ಲ ವೆಲ್ಡಿಂಗ್ ಮಾಡಿ ನೋಡಿ, ನಿಮ್ಮದೂ ಹಾಗೇ ಆಗುತ್ತೆ. ನಮ್ಮಪ್ಪಂದೂ ಹಾಗೇ.”

ಅವಳ ಅಪ್ಪ ವೆಲ್ಡರ್ ಅಂತ ನನಗೆ ಗೊತ್ತಿರಲಿಲ್ಲ. ಕೇಳಿದ್ದೆನಾ? ನೆನಪಿಲ್ಲ. ಮೊದಲ ಶರಟು ಹೊಲಿದು ಮುಗಿದಿದೆ, ತೆಳು ನೀಲಿ. ಕನ್ನಡಿ ಮುಂದೆ ಒಂದು ರೌಂಡು ಹಾಕಿದೆ.

ಮಾರ್ಚ್ ೨೩, ಸೋಮವಾರ

ವೆಲ್ಡರ್ ಇವತ್ತು ತಡವಾಗಿ ಬಂದ. ನಾನೇ ಕೇಳಿದೆ, ಯಾಕೆ ಲೇಟು ಅಂತ. (ನನಗ್ಯಾಕೆ ಬೇಕಿತ್ತು? ಆದರೂ ಬರದಿದ್ದರೆ ಬೆಳಿಗ್ಗೆಯ ಲೆಕ್ಕವೇ ತಪ್ಪಿದ ಹಾಗೆ.)

“ಮುಂಚೆಯೆಲ್ಲ ಇಲ್ಲಿ ನಿಲ್ಲೋಕೆ ಅಂತ ಅರ್ಧ ಗಂಟೆ ಇಟ್ಕೊಂಡು ಹೊರಡ್ತಿದ್ದೆ ಸಾರ್. ಈಗ ಆ ಟೈಮಲ್ಲಿ ಮಗಳಿಗೆ ಜಡೆ ಹಾಕಿ ಬರ್ತೀನಿ. ಅವಳಮ್ಮ ಬೆಳಿಗ್ಗೆನೇ ಕೆಲಸಕ್ಕೆ ಹೋಗಿರ್ತಾಳೆ.”

“ಜಡೆ ಹಾಕೋಕೆ ಬರುತ್ತಾ ನಿಮಗೆ?”

“ಇಲ್ಲ ಸಾರ್. ಕಲೀತಿದೀನಿ. ವೆಲ್ಡಿಂಗ್‌ಗಿಂತ ಕಷ್ಟ. ತಲೆ ಅಲ್ಲಾಡಿಸ್ತಾಳೆ.”

ಎಷ್ಟು ನಗು ಬಂತೆಂದರೆ ಮುಂದಿನ ಗಾಡಿಗೆ ಗೋಲಿ ತೆಗೆಯುವುದೇ ಮರೆತೆ.

ಊಟದ ಹೊತ್ತಿಗೆ ಪಾದರಸ ಇನ್ನೊಂದು ತಮಾಷೆ ಹೇಳಿದಳು. ಪತ್ತೆದಳಕ್ಕೆ ಅವಳೂ ಅರ್ಜಿ ಹಾಕಿದ್ದಳಂತೆ, ಹೋದ ವರ್ಷ. “ನಿಮ್ಮ ಕಡೆಯವರನ್ನ ಹಿಡಿಯೋಕೆ ನಿನ್ನ ಕೈ ಏಳುತ್ತಾ ಅಂತ ಕೇಳಿದ್ರು ಅಣ್ಣ. ಕಳ್ಳರಾದ್ರೆ ಏಳುತ್ತೆ ಅಂದೆ. ಅರ್ಜಿ ಅಲ್ಲೇ ಮಲಗಿತು.” ಎಲ್ಲರ ದನಿಗಳನ್ನೂ ಅನುಕರಿಸಿ ಹೇಳಿದಳು. ನಕ್ಕೆ. ಆಮೇಲೆ ಅನ್ನ ಯಾಕೋ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿದೆ, ಹೋಯಿತು. ಈಗಿನ ಅಕ್ಕಿಯೇ ಸರಿಯಿಲ್ಲ.

ಮಾರ್ಚ್ ೨೬, ಗುರುವಾರ

ನಾಳೆ ದೊಡ್ಡ ಸಾಹೇಬರು! ಬೂಟಿಗೆ ಎರಡು ಸಲ ಪಾಲಿಶ್. ಎರಡನೇ ಶರಟಿಗೆ ಗುಂಡಿ ಹಾಕುತ್ತಿದ್ದಾಳೆ ಇವಳು. ಮೂಗು ಒಂದೂ ಮಾತಾಡುತ್ತಿಲ್ಲ. ನಾಳೆಗೆ ಶಕ್ತಿ ಉಳಿಸುತ್ತಿರಬೇಕು.

ಮಾರ್ಚ್ ೨೭, ಶುಕ್ರವಾರ

ಆಗಿಹೋಯಿತು. ಎಲ್ಲಾ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಸಾಹೇಬರು ಬೆಳಿಗ್ಗೆ ಜೀಪಿನಿಂದ ಇಳಿದವರೇ ನನ್ನ ಬೆನ್ನು ತಟ್ಟಿದರು. “ಏನಯ್ಯಾ ಮೂಗಣ್ಣ! ಗೋಲಿ ಗೀಲಿ ಎಲ್ಲಾ ಪಕ್ಕಕ್ಕಿಡು. ಭೇದವಂತೆ, ಭೇದ! ನಾನು ಇಷ್ಟು ವರ್ಷದಲ್ಲಿ ಒಬ್ಬ ಪೊಲೀಸನಲ್ಲೂ ಭೇದ ಕಂಡಿಲ್ಲ. ಎಲ್ಲಿ, ನಿನ್ನ ಮೂಗು ತೋರಿಸು.”

ಚೀಲವನ್ನು ಪಾದರಸಳಿಗೆ ಕೊಟ್ಟೆ. ಸಾಲಿನ ಕಡೆ ತಿರುಗಿ ನಿಂತೆ. ಬಸ್ಸು, ಲಾರಿ, ಕಾರು, ಸೈಕಲ್ಲು. ಎಲ್ಲರ ಮುಖ ನೋಡಿದೆ. ಅವರಲ್ಲಿ ನಮ್ಮ ದಂತವೈದ್ಯರೂ ಇದ್ದರು, ಡಿಕ್ಕಿಯ ಗುಂಡಿ ಗೊತ್ತಾಯಿತು ಅಂತ ಸನ್ನೆ ಮಾಡಿದರು. ಮೂಗಿಗೆ ಏನೂ ಅನ್ನಿಸಲಿಲ್ಲ. ಎಳೆದೆ, ಊದಿದೆ, ಉಜ್ಜಿದೆ. ಕೆಲಸಕ್ಕೆ ಹೊರಟ ಜನ ಕಾಣಿಸಿದರು, ಅಷ್ಟೇ.

“ಏನಯ್ಯಾ, ಯಾರನ್ನೂ ನಿಲ್ಲಿಸ್ತಿಲ್ಲ?”

“ಸಾರ್... ನೆಗಡಿ.”

ಸಾಹೇಬರಿಗೆ ತಡೆಯಲಾಗಲಿಲ್ಲ. ಮುಂದೆ ಬಂದು ತಾವೇ ಬೆರಳು ಚಾಚಿದರು. “ಅಗೋ. ಆ ಸ್ಕೂಟರಿನವನು. ಕಣ್ಣು ನೋಡು, ಹೆಂಗಿದೆ. ನಾವು ನಿಂತಿರೋದು ನೋಡಿ ಹೆಂಗೆ ನಿಧಾನ ಮಾಡ್ದ ನೋಡು. ಮುಖದ ಮೇಲೇ ಬರ್ದಿದೆಯಲ್ಲಯ್ಯಾ!”

ನಮ್ಮ ವೆಲ್ಡರ್.

ಸಾಹೇಬರು ತಾವೇ ಚೀಲ ಬಿಚ್ಚಿದರು. ರಾಡು, ಕಪ್ಪು ಗಾಜು, ಡಬ್ಬಿ, ಎಲ್ಲಾ ಕಟ್ಟೆ ಮೇಲೆ. ತಳದಿಂದ ಏನೋ ಕೆಂಪಗೆ ಎಳೆದರು. ಎರಡು ಬೆರಳಲ್ಲಿ ಹಿಡಿದು ಗಾಳಿಯಲ್ಲಿ ಆಡಿಸಿದರು. ರಿಬ್ಬನ್ನು.

“ಏನಿದು?”

“ಮಗಳದು ಸಾರ್. ಹೊರಡೋ ಆತುರದಲ್ಲಿ ನನ್ನ ಚೀಲಕ್ಕೆ ಹಾಕ್ಕೊಂಡ್ಬಿಟ್ಟಿದೀನಿ. ಪಾಪ, ಒಂದೇ ರಿಬ್ಬನ್ನಲ್ಲಿ ಸ್ಕೂಲಿಗೆ ಹೋಗಿರ್ತಾಳೆ.”

ಸಾಹೇಬರು ಕಿಸೆ ಮುಟ್ಟಿದರು, ಸೀಟು ಎತ್ತಿದರು, ಟೈರು ತಟ್ಟಿದರು. ಏನೂ ಇಲ್ಲ. ಆಮೇಲೆ ಕೈ ಕೊಡವಿಕೊಂಡು, ನನ್ನ ಕಡೆ ವಾಲಿ, ಬಹಳ ಗುಟ್ಟಿನ ವಿದ್ಯೆ ಹೇಳಿಕೊಡುವವರ ಹಾಗೆ ಹೇಳಿದರು:

“ಇವತ್ತಿಲ್ಲ. ಇನ್ನೊಂದಿನ ಸಿಕ್ಕೇ ಸಿಗ್ತಾನೆ.”

ಅಷ್ಟೇ. ನನಗೆ ಏನಾಯಿತೋ. ಮೊದಲು ಮೂಗಿನಿಂದ ‘ಪುಸ್’ ಅಂತ ಬಂತು. ಹಲ್ಲು ಕಚ್ಚಿದೆ. ಅಕಸ್ಮಾತ್ ಪಾದರಸಳ ಕಡೆ ನೋಡಿದೆ, ಅವಳು ಗೋಲಿ ಚೀಲವನ್ನು ಬಾಯಿಗೆ ತುರುಕಿಕೊಂಡಿದ್ದಳು. ಮುಗಿಯಿತು. ನಗು ಅಂದರೆ ಎಂಥ ನಗು, ಬ್ಯಾರಿಕೇಡು ಹಿಡಿದು ಕುಕ್ಕರಿಸಿದೆ, ಟೋಪಿ ಬಿತ್ತು, ಕಣ್ಣಲ್ಲಿ ನೀರು. “ಕ್ಷಮ್ಸಿ ಸಾರ್” ಅನ್ನಲು ಹೋಗುತ್ತೇನೆ, “ಸಿಕ್ಕೇ ಸಿಗ್ತಾನೆ” ನೆನಪಾಗುತ್ತದೆ, ಮತ್ತೆ ಶುರು. ಸಾಹೇಬರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಜೀಪು ಹತ್ತಿ ಬಾಗಿಲು ಎಳೆದುಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ.

ವೆಲ್ಡರ್ ನಗಲಿಲ್ಲ. ಕಟ್ಟೆ ಮೇಲಿನ ಸಾಮಾನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು, ರಿಬ್ಬನ್ನು ಮಡಿಸಿ ಕಿಸೆಗಿಟ್ಟುಕೊಂಡರು, ಹೋದರು.

ಪತ್ತೆದಳ ಹೋಯಿತು. ಇವಳಿಗೆ ಹೇಳಿದೆ. ಎರಡೂ ಶರಟು ಮಂಚದ ಮೇಲಿದ್ದವು. ನಾನು ಸಪ್ಪೆ ಮುಖ ಮಾಡಿಕೊಂಡೇ ಹೇಳಲು ಹೊರಟೆ, ಆದರೆ ‘ಪುಸ್’ ವರೆಗೆ ಬರುವಷ್ಟರಲ್ಲಿ ಇಬ್ಬರೂ ನೆಲದ ಮೇಲೆ. ಕೊನೆಗೆ ಇವಳು ಕಣ್ಣೊರೆಸಿಕೊಂಡು, “ಅದ್ಸರಿ, ಅಷ್ಟೊಂದು ನಗು ಯಾಕೆ ಬಂತು ನಿಮಗೆ? ಆ ಮಾತು ನಿಮ್ಮದೇ ಅಲ್ವಾ?” ಎಂದಳು.

ಹೌದು, ನನ್ನದೇ. ಯಾಕೆ ಬಂತೋ ಗೊತ್ತಿಲ್ಲ.

ಮಾರ್ಚ್ ೩೦, ಸೋಮವಾರ

ವೆಲ್ಡರ್ ಇವತ್ತು ಬೆಳಕು ಹರಿದ ಕೂಡಲೇ ಬಂದುಬಿಟ್ಟಿದ್ದರು. ನಿಂತರು, ಇಳಿದರು, ಜಿಪ್ ತೆಗೆದರು. ಗೋಲಿ ಬಿಳಿ ಅಂದರೂ ಕೇಳಲಿಲ್ಲ. “ಜಡೆ?” ಎಂದೆ. “ಮತ್ತೆ ಮುಂಚೆನೇ ಹೊರಡ್ತಿದೀನಿ ಸಾರ್,” ಎಂದರು.

ಇಡೀ ದಿನ ನಗು ಬರಲಿಲ್ಲ.

ಮಾರ್ಚ್ ೩೧, ಮಂಗಳವಾರ

ಗೋಲಿ ತಿಂಗಳು ಮುಗಿಯಿತು. ಮೇಡಂ ಕರೆದರು. ಶುಕ್ರವಾರದ ನಗುವಿಗೆ ಚೆನ್ನಾಗಿ ಬೈದರು, ಬೈಯುವಾಗ ಒಂದೆರಡು ಸಲ ಕಿಟಕಿ ಕಡೆ ತಿರುಗಿಕೊಂಡರು, ಭುಜ ಅಲ್ಲಾಡುತ್ತಿತ್ತು. ಆಮೇಲೆ ಕೇಳಿದರು, “ಈಗ ಹೇಳಿ, ಸೇತುವೆಗೆ ಗೋಲಿ ಬೇಕಾ, ನಿಮ್ಮ ಮೂಗು ಬೇಕಾ?”

“ಗೋಲಿ ಇರ್ಲಿ ಮೇಡಂ. ನನ್ನ ನೆಗಡಿ ಹೋಗೋ ಥರ ಕಾಣಲ್ಲ.”

ಬಾಗಿಲ ತನಕ ಹೋದವನು ಮತ್ತೆ ವಾಪಸ್ ಬಂದೆ. “ಪತ್ತೆದಳಕ್ಕೆ ಬೇರೆ ಹೆಸರು ಕಳಿಸೋದಾದ್ರೆ ಪಾದರಸಂದು ಕಳಿಸಿ. ನಾನು ಮೂಗಲ್ಲಿ ಹುಡುಕ್ತಿದ್ದೆ, ಅವಳು ಕಣ್ಣಲ್ಲಿ ನೋಡ್ತಾಳೆ.” ಮೇಡಂ ಪೆನ್ನು ಕಚ್ಚಿಕೊಂಡು ಕೂತರು. ಏನು ಮಾಡುತ್ತಾರೋ ನೋಡಬೇಕು.

ಏಪ್ರಿಲ್ ೧೦, ಶುಕ್ರವಾರ

ಇವತ್ತು ಒಂದು ಸಂತೋಷ. ಮತ್ತೆ ಒಂದು ಪೆದ್ದುತನ, ನನ್ನದೇ.

ವೆಲ್ಡರಿಗೆ ದಿನಾ ಬಿಳಿ, ದಿನಾ “ಹೋಗಿ, ಹೋಗಿ” ಅಂತ ಕೈ ಬೀಸೀ ಬೀಸೀ ನನ್ನ ಭುಜ ಸೋತಿತ್ತು. ಇವತ್ತು ಬೆಳಿಗ್ಗೆ ವೆಲ್ಡರ್ ತಡವಾಗಿ ಬಂದರು. ಪಾದರಸ ಬಿಳಿ ಎತ್ತಿ ತೋರಿಸಿದಳು. ಅವರು ನಿಧಾನ ಮಾಡಲಿಲ್ಲ! ನೆಲ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಏನೋ ಗುನುಗಿಕೊಂಡು, ಎಲ್ಲರ ಹಾಗೆ, ಸೇತುವೆ ಮೇಲೆ ಸುಯ್ಯನೆ ಹೋದರು.

ನನಗೆ ಖುಷಿ ತಡೆಯಲಾಗಲಿಲ್ಲ. ಕುಣಿಯುವ ಹಾಗೆ ಆಯಿತು. ಯೂನಿಫಾರ್ಮ್‌ನಲ್ಲಿ ಕುಣಿಯುವುದು ಹೇಗೆ? ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟು ಪೀಈಈ ಅಂತ ಊದಿಬಿಟ್ಟೆ.

ಸೇತುವೆಯ ಆ ತುದಿಯಲ್ಲಿ ಸ್ಕೂಟರು ಗಕ್ಕನೆ ನಿಂತಿತು.

“ಅಯ್ಯೋ ಅಣ್ಣ!” ಎಂದಳು ಪಾದರಸ.

ಓಡಿದೆ. ಬೂಟು ಜಾರುತ್ತಿತ್ತು, “ಇಲ್ಲ ಇಲ್ಲ, ಹೋಗಿ, ಸುಮ್ನೆ ಊದಿದೆ!” ಅಂತ ಕೂಗಿಕೊಂಡೇ ಓಡಿದೆ. ಗಾಳಿಗೆ ಕೇಳಿಸಲಿಲ್ಲವೇನೋ. ನಾನು ಮುಟ್ಟುವಷ್ಟರಲ್ಲಿ ಅವರು ಇಳಿದಿದ್ದರು. ಚೀಲ ತೆರೆದಿತ್ತು. ಡಬ್ಬಿ ಆಗಲೇ ಸೇತುವೆಯ ಕಟ್ಟೆ ಮೇಲಿತ್ತು.

“ಏನೂ ಇಲ್ಲ. ಖುಷಿಗೆ ಊದಿದ್ದು. ದಯವಿಟ್ಟು ಹೋಗಿ,” ಎಂದೆ ಏದುಸಿರು ಬಿಡುತ್ತಾ.

ಖುಷಿಗೆ ಸೀಟಿ ಊದುವ ಪೊಲೀಸನನ್ನು ಅವರು ಕಂಡಿರಲಿಲ್ಲವೋ ಏನೋ. ನನ್ನ ಮುಖವನ್ನೇ ನೋಡುತ್ತಾ ಕೇಳಿದರು:

“ಚೀಲ ಮುಚ್ಚಲಾ ಸಾರ್?”

ಡಬ್ಬಿ ಒಳಗಿಟ್ಟು ನಾನೇ ಮುಚ್ಚಲು ಹೋದೆ. ಜಿಪ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. “ಅಲ್ಲಿ ಸ್ವಲ್ಪ ಒತ್ತಿ ಹಿಡೀಬೇಕು ಸಾರ್, ಯಾವಾಗ್ಲೂ ಅಲ್ಲೇ ಕಚ್ಕೊಳ್ಳುತ್ತೆ,” ಎಂದು ಅವರೇ ತೋರಿಸಿಕೊಟ್ಟರು. ಇಷ್ಟು ಕಾಲದಿಂದ ಈ ಚೀಲ ತೆಗೆದಿದ್ದೇನೆ, ಆ ಜಿಪ್ ಕಚ್ಚಿಕೊಳ್ಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮುಚ್ಚಿದ್ದು ಇವತ್ತೇ ಮೊದಲು.

ಗಟ್ಟಿಯಾದ ಜಿಪ್ ಒಂದನ್ನು ಇವಳ ಹತ್ತಿರ ಕೇಳಿ ಇಟ್ಟುಕೊಳ್ಳಬೇಕು.